ಚಾಚಾ ಸುಡದೇ ಒಯ್ದ ಅಗಿ

ರಾಣೆಬೆನ್ನೂರಿನ ಬೀಜದ ಲ್ಯಾಬೊಂದರಲ್ಲಿ ಎರಡು ಕೋಣೆಗಳು ನನ್ನ ಪಾಲಿಗಿದ್ದವು. ಒಂದು ತಂಪು, ಒಂದು ಬಿಸಿ. ಎರಡರಲ್ಲೂ ರೋಗ ತಡೆಯುವ ಮೆಣಸಿನ ಅಗಿ, ಅಂದರೆ ಸಸಿ, ಬೆಳೆಸಿ, ಒಂದೇ ವೈರಸ್ಸನ್ನು ಎಲೆಗಳಿಗೆ ತಿಕ್ಕಿದ್ದೆ. ಅದರ ಹೊದಿಕೆಯ ಪ್ರೋಟೀನಿನಲ್ಲಿ ಒಂದೇ ಒಂದು ಕಡೆ ಬದಲಾವಣೆಯಾಗಿತ್ತು. ಗಿಡ ವೈರಸ್ಸಿನ ಗುರುತು ಹಿಡಿಯುವುದು ಆ ಹೊದಿಕೆಯಿಂದಲೇ. ಸೆಕೆ ಏರಿದಾಗ ಆ ಗುರುತು ತಪ್ಪಿ, ವೈರಸ್ ಬೇಕಾಬಿಟ್ಟಿ ಹೆಚ್ಚುತ್ತದೆಯೇ ಎಂಬುದು ನನ್ನ ಪ್ರಶ್ನೆ.

ಈ ರೋಗ ಮುಟ್ಟಿದ ಕೈಯಿಂದಲೇ ಗಿಡದಿಂದ ಗಿಡಕ್ಕೆ ಹರಡುತ್ತದೆ. ಅದಕ್ಕೇ ಗಿಡ ಮುಟ್ಟುವ ಮೊದಲು ಹಾಲಿನಲ್ಲಿ ಕೈ ಅದ್ದಬೇಕು; ಹಾಲು ವೈರಸ್ಸನ್ನು ಕಟ್ಟಿಹಾಕುತ್ತದೆ. ನಮ್ಮ ಮಾಲಿ ಚಾಚಾಗೆ ಈ ನಿಯಮ ಕಲಿಸಿದವಳು ನಾನೇ, ಅದೂ ಗದರಿಸಿ ಗದರಿಸಿ.

ತಂಪು ಕೋಣೆಯ ಅಗಿ ನಳನಳಿಸುತ್ತಿದ್ದವು. "ಇವಕ್ಕೇನೂ ಆಗಿಲ್ಲ ನೋಡ್ರಿ ಚಾಚಾ" ಎಂದು ಬೀಗಿದೆ. ಅವುಗಳಲ್ಲಿ ಕೆಲಸ ಮುಗಿದ ಒಂದು ಟ್ರೇಯನ್ನು ಸುಡಲು ಅವರಿಗೇ ಕೊಟ್ಟೆ. ನಮ್ಮ ಕಡೆ ಉಳಿದ ಅಗಿಯನ್ನು ಯಾರೂ ಹಾಳು ಮಾಡುವುದಿಲ್ಲ, ಯಾರದಾದರೂ ಹೊಲಕ್ಕೆ ಸೇರಿಸುತ್ತಾರೆ. ಅದು ಗೊತ್ತಿದ್ದೂ ನಾನು ಹಿಂತಿರುಗಿ ನೋಡಲಿಲ್ಲ.

ವಾರದ ನಂತರ ಬಿಸಿ ಕೋಣೆಯ ಎಲೆಗಳೆಲ್ಲ ಹಳದಿ ಮಚ್ಚೆಯಾಗಿ ಮುದುಡಿದವು. ಪರೀಕ್ಷಿಸಿದರೆ ತಂಪು ಕೋಣೆಯ ಹಸಿರು ಗಿಡಗಳಲ್ಲೂ ವೈರಸ್ ಸದ್ದಿಲ್ಲದೆ ಕೂತಿತ್ತು. ಚಾಚಾ ರಜೆಯಲ್ಲಿದ್ದರು. ಟ್ರೇ ಗುತ್ತಲದ ಅವರ ಹೊಲಕ್ಕೆ ಹೋಗಿದೆ ಎಂದು ಕಾವಲುಗಾರ ಹೇಳಿದ. ಹೊರಗೆ ಮಳೆ ಬಿಟ್ಟು ಬಿಸಿಲು ಏರಿತ್ತು. ಆ ಹೊಲ ಬಿಟ್ಟರೆ ಅವರಿಗೆ ಬೇರೆ ಹೊಲವಿರಲಿಲ್ಲ. ಬಿಸಿ ಕೋಣೆಯಲ್ಲಿ ಎಲೆ ಕೀಳುತ್ತಿದ್ದವಳು ಹಾಗೆಯೇ ಹೊರಬಿದ್ದು ಸ್ಕೂಟಿ ಹತ್ತಿದೆ.

ಹೊಲದಲ್ಲಿ ಯಾರೂ ಕಾಣಲಿಲ್ಲ. ಗಿಡಗಳೆಲ್ಲ ಒಂದೇ ಥರ ಹಸಿರು. ನಮ್ಮವು ಯಾವುವೋ ತಿಳಿಯದೆ ಸಾಲಿನಲ್ಲಿ ಕೂತು, ಒಂದೊಂದೇ ಎಲೆ ಮಗುಚಿ ಮಚ್ಚೆ ಹುಡುಕಿದೆ. ಮೂರು ಸಾಲು ಮುಗಿಯುವ ಹೊತ್ತಿಗೆ ಚಾಚಾ ಬಂದರು. ನಾನು ಎಲ್ಲವನ್ನೂ ಹೇಳಿದೆ. ಸಿಟ್ಟೂ ಬಂದಿತ್ತು, ಅಳುವೂ ಬಂದಿತ್ತು.

"ಅವು ಇಲ್ಲಿಲ್ರಿ ಅಕ್ಕಾರ. ಲ್ಯಾಬಿನ ಅಗಿ ಅಂತ ಅಂಜಿ ಬಾವಿ ದಂಡೀಗೆ ಬ್ಯಾರೆನ ಹಚ್ಚೇನಿ. ಹಾಲಾಗ ಕೈ ಅದ್ದೇ ಮುಟ್ಟೇನಿ."

ನನಗೆ ಹೋದ ಜೀವ ಬಂದಂತಾಯಿತು. ಚಾಚಾ ಮಾತ್ರ ನನ್ನ ಕೈಗಳನ್ನೇ ನೋಡುತ್ತಿದ್ದರು.

"ನೀವು ಕೈ ಅದ್ದಿ ಬಂದೀರೇನ್ರಿ?"

ಬಿಸಿ ಕೋಣೆಯ ಎಲೆ ಮುಟ್ಟಿದ ಕೈಗಳನ್ನು ಬೆನ್ನ ಹಿಂದೆ ಸರಿಸಿದೆ. ಚಾಚಾ, ನಾನು ಕೂತು ಬಂದ ಮೊದಲ ಸಾಲಿಗೆ ಹೋಗಿ, ಬಗ್ಗಿ, ಗಿಡಗಳನ್ನು ಒಂದೊಂದಾಗಿ ಕೀಳತೊಡಗಿದರು.