ಬಟ್ಟೆ ಒಗೆಯುವ ಕನ್ಸಲ್ಟೆಂಟ್

ಹೋದ ಶನಿವಾರ ಬೆಳಿಗ್ಗೆ ನಾನು ಡೆಟ್ರಾಯಿಟ್‌ನ ಒಂದು ಹಳೆಯ ಮರದ ಮನೆಯ ಅಡುಗೆಮನೆಯಲ್ಲಿ ನಿಂತು, ಉಣ್ಣೆಯ ಟೋಪಿ, ಹೆಗಲಿಗೆ ಪಟ್ಟಿ ಹಾಕಿದ ಪ್ಯಾಂಟು, ಅಂಟಿಸಿದ ಮೀಸೆ ಸಮೇತ, ಯಾರದೋ ಅಂಗಿಯನ್ನು ತಗಡಿನ ಟಬ್ಬಿನಲ್ಲಿ ಉಜ್ಜುತ್ತಿದ್ದೆ. ಎಂಜಿನಿಯರಿಂಗ್‌ನಲ್ಲಿ ಮಾಸ್ಟರ್ಸ್ ಮಾಡಿದವನು. (ರ‍್ಯಾಂಕ್ ಬೇರೆ.)

ವಿಷಯ ಇಷ್ಟೇ. ಫೆಬ್ರವರಿಯಲ್ಲಿ ನನ್ನ ಕೆಲಸ ಹೋಯಿತು. ಹದಿಮೂರು ವರ್ಷ ಕಾರಿನ ಬಾಗಿಲಿನ ಹಿಡಿಕೆ ಡಿಸೈನ್ ಮಾಡಿದ್ದೆ. ರಿಸೆಷನ್‌ನಲ್ಲಿ ಕಾರನ್ನೇ ಕೊಳ್ಳುವವರಿಲ್ಲದಾಗ ಹಿಡಿಕೆಯನ್ನು ಯಾರು ಕೇಳುತ್ತಾರೆ? ಮನೆಯಲ್ಲಿ ಕೂತು ಕೂತು, ನಾನು ಮಸಾಲೆ ಡಬ್ಬಿಗಳನ್ನು ಅಕ್ಷರಮಾಲೆಯ ಕ್ರಮದಲ್ಲಿ ಜೋಡಿಸಲು ಶುರುಮಾಡಿದ ದಿನ ಹೆಂಡತಿ ಸುಧಾ, "ದಯವಿಟ್ಟು ಎಲ್ಲಾದ್ರೂ ಹೋಗಿ ಬನ್ನಿ" ಎಂದಳು.

ಹೋದೆ. ಅದೊಂದು ಪುಟ್ಟ ಮ್ಯೂಸಿಯಂ. ನೂರು ವರ್ಷದ ಹಿಂದೆ ಕಾರ್ಖಾನೆಯ ಕೆಲಸಗಾರರು ಬಾಡಿಗೆಗಿದ್ದ ಮನೆ. ಶನಿವಾರ ಶನಿವಾರ ಆ ಕಾಲದ ವೇಷ ಹಾಕಿಕೊಂಡು, ನೋಡಲು ಬಂದವರಿಗೆ ಮನೆ ತೋರಿಸುವ ವಾಲಂಟಿಯರ್ ನಾನು.

ನಾವಿರುವ ನೋವೈ ಊರಿನ ಗೆಳೆಯರಿಗೆ ಮಾತ್ರ "ಕನ್ಸಲ್ಟಿಂಗ್ ಮಾಡ್ತಿದೀನಿ" ಎಂದಿದ್ದೆ. ಏನು ಕನ್ಸಲ್ಟಿಂಗ್ ಎಂದು ಯಾರೂ ಕೇಳಲಿಲ್ಲ. ಆ ಶಬ್ದದ ಗುಣವೇ ಅದು.

ಮ್ಯೂಸಿಯಂನ ಮನೆಯಲ್ಲಿ ಮೂರು ಕೋಣೆ, ಒಂಬತ್ತು ಜನ ಇದ್ದರಂತೆ. ಮನೆಯೊಡತಿ ಪೋಲೆಂಡಿನಿಂದ ಬಂದವಳು. ಒಂದು ಹಾಸಿಗೆಯನ್ನು ಇಬ್ಬರಿಗೆ ಬಾಡಿಗೆ ಕೊಡುತ್ತಿದ್ದಳು. ಹಗಲು ಪಾಳಿಯವನು ಎದ್ದು ಹೋದರೆ ರಾತ್ರಿ ಪಾಳಿಯವನು ಬಂದು ಮಲಗುವನು. ಹಾಸಿಗೆಗೆ ಆರುವಷ್ಟೂ ಪುರುಸೊತ್ತಿಲ್ಲ. ಸೋಮವಾರ ಬಂದರೆ ಕಲ್ಲಿದ್ದಲ ಒಲೆಯ ಮೇಲೆ ನೀರು ಕಾಯಿಸಿ ಅಷ್ಟೂ ಜನರ ಗ್ರೀಸು ಹತ್ತಿದ ಬಟ್ಟೆ ಒಗೆಯುತ್ತಿದ್ದಳು. ಇದನ್ನೆಲ್ಲ ನಾನು ಒಂದೇ ಅಂಗಿಯನ್ನು ಉಜ್ಜುತ್ತ ವಿವರಿಸುತ್ತೇನೆ. ಏಳು ವಾರದಿಂದ ಅದೇ ಅಂಗಿ.

ಅವತ್ತು ಬಾಗಿಲಲ್ಲಿ ಕನ್ನಡ ಕೇಳಿಸಿತು. ನಮ್ಮ ಕನ್ನಡ ಸಂಘದವರು, ಊರಿನಿಂದ ಬಂದ ತಂದೆತಾಯಂದಿರಿಗೆ ಡೆಟ್ರಾಯಿಟ್ ತೋರಿಸಲು ವ್ಯಾನ್ ಮಾಡಿಕೊಂಡು ಬಂದಿದ್ದರು. ಮುಂದೆ ಸಂಘದ ಹಿರಿಯ ಡಾಕ್ಟರ್ ಶ್ರೀಪತಿ ಅಂಕಲ್. ಹಿಂದೆ ನಮ್ಮ ಬಡಾವಣೆಯ ರಘು ಮತ್ತು ಅವನ ತಾಯಿ, ಮೈಸೂರಿನ ಜಯಮ್ಮ.

ಟೋಪಿಯನ್ನು ಹುಬ್ಬಿನ ತನಕ ಎಳೆದುಕೊಂಡೆ. ಹದಿಮೂರು ವರ್ಷದಲ್ಲಿ ಬಾರದ ಅಮೆರಿಕನ್ ಉಚ್ಚಾರಣೆಯನ್ನು ಅರ್ಧ ನಿಮಿಷದಲ್ಲಿ ತಂದುಕೊಂಡು ಹಾಸಿಗೆಯ ಕಥೆ ಶುರುಮಾಡಿದೆ. ಯಾರೂ ಗುರುತಿಸಲಿಲ್ಲ.

ಜಯಮ್ಮ ನನ್ನ ಮುಖ ನೋಡುತ್ತಲೇ ಇರಲಿಲ್ಲ, ಕೈ ನೋಡುತ್ತಿದ್ದರು. "ಕಾಲರ್ ಹಾಗೇ ಬಿಟ್ಟಿದಾನಲ್ಲ ಈ ಮನುಷ್ಯ" ಎಂದು ಮಗನಿಗೆ ಹೇಳಿ, ಸೆರಗು ಸಿಕ್ಕಿಸಿಕೊಂಡು, ಅಡ್ಡ ಕಟ್ಟಿದ್ದ ಹಗ್ಗ ದಾಟಿ ಬಂದು ಅಂಗಿಯನ್ನು ಕಿತ್ತುಕೊಂಡರು. "ಹೀಗೆ ಸವರಿದ್ರೆ ಕೊಳೆ ಹೋಗತ್ತಾ?"

"ತಣ್ಣೀರಲ್ಲಿ ನೊರೆ ಬರಲ್ಲ ಅಮ್ಮ" ಎಂದೆ.

ಕನ್ನಡದಲ್ಲಿ.

ಶ್ರೀಪತಿ ಅಂಕಲ್ ಕನ್ನಡಕ ಸರಿಮಾಡಿಕೊಂಡರು. "ಏನಯ್ಯಾ ಮೋಹನ, ಕನ್ಸಲ್ಟಿಂಗ್ ಅಂದಿದ್ಯಲ್ಲ?"

ಇನ್ನೊಂದು ಸುಳ್ಳಿಗೆ ಬಾಯಿ ತೆರೆದೆ. ಮೀಸೆಯ ಒಂದು ತುದಿ ಬಿಟ್ಟುಕೊಂಡಿತು. "ಕೆಲಸ ಹೋಯ್ತು ಅಂಕಲ್. ನಾಲ್ಕು ತಿಂಗಳಾಯ್ತು."

ಜಯಮ್ಮ ಅಂಗಿ ಹಿಂಡಿ ನನ್ನ ಕೈಗೆ ಕೊಟ್ಟರು. "ಹೋದ್ರೆ ಇನ್ನೊಂದು ಸಿಗತ್ತೆ. ಮೊದ್ಲು ನೀರು ಬದಲಾಯಿಸು."

ಎಲ್ಲರೂ ವ್ಯಾನ್ ಹತ್ತಿದ ಮೇಲೆ ರಘು ಒಬ್ಬನೇ ಒಳಗೆ ಬಂದ. ಛತ್ರಿ ಮರೆತೆ ಎಂದ. ಹೊರಗೆ ಸುಡುಬಿಸಿಲು. ಒಲೆಯನ್ನು ನೋಡುತ್ತ, "ಇಲ್ಲಿ ಇನ್ನೂ ಯಾರಾದ್ರೂ ಬೇಕಾ?" ಎಂದು ಕೇಳಿದ.

"ಯಾರಿಗೋಸ್ಕರ ಕೇಳ್ತಿದೀಯ?"

"ನಂಗೇ. ಏಪ್ರಿಲ್‌ನಲ್ಲಿ ನಂದೂ ಹೋಯ್ತು. ಅಮ್ಮಂಗೆ ಗೊತ್ತಿಲ್ಲ. ದಿನಾ ಬ್ಯಾಗ್ ಹಾಕ್ಕೊಂಡು ಲೈಬ್ರರಿಗೆ ಹೋಗಿ ಕೂತ್ಕೋತೀನಿ."

ಮೇ ತಿಂಗಳಲ್ಲಿ ಇದೇ ರಘು ಇಂಡಿಯನ್ ಅಂಗಡಿಯಲ್ಲಿ ಸಿಕ್ಕಿ, ಆಫೀಸಿನಲ್ಲಿ ಉಸಿರಾಡಲೂ ಬಿಡುವಿಲ್ಲ ಎಂದಿದ್ದ. ನಾನು "ನಂಗೂ ಅಷ್ಟೇ, ತುಂಬಾ ಬ್ಯುಸಿ" ಎಂದಿದ್ದೆ. ಇಬ್ಬರೂ ಬೆಂಡೆಕಾಯಿಯನ್ನು ಒಂದೊಂದಾಗಿ ಮುರಿದು ನೋಡಿ ಆರಿಸುತ್ತ ಮುಕ್ಕಾಲು ಗಂಟೆ ಅಲ್ಲೇ ನಿಂತಿದ್ದೆವು.

"ಶನಿವಾರ ಹತ್ತಕ್ಕೆ ಬಾ. ಅಮ್ಮಂಗೆ ಹೇಳಿ ಬಾ" ಎಂದೆ.

ಸಂಜೆ ಅವನ ಫೋನು ಬಂತು. ಹೇಳಿದನಂತೆ. ಏನಂದರು ಎಂದು ಕೇಳಿದೆ.

"'ಅಷ್ಟು ದಿನ ಮಧ್ಯಾಹ್ನದ ಊಟಕ್ಕೆ ಏನು ಮಾಡ್ತಿದ್ದೆ?' ಅಂದ್ರು. ಅಷ್ಟೇ."

ಹಾಗಾದರೆ ನಾವಿಬ್ಬರೂ ಇಷ್ಟು ತಿಂಗಳು ಯಾರಿಗೆ ಹೆದರಿ ಬ್ಯುಸಿ ಆಗಿದ್ದೆವು?