ಮೂರನೇ ಮಹಡಿಯ ಖತ್ರಾ ಆಂಟಿ

ಕಮಲಾಕ್ಷಮ್ಮ ನಮ್ಮ ಚಪ್ಪಲಿ ಸ್ಟ್ಯಾಂಡನ್ನು ಮೂರು ಸಲ ರಸ್ತೆಗೆ ಎಸೆದಿದ್ದಾರೆ. ಮೊದಲ ಸಲ ಚಪ್ಪಲಿಗಳನ್ನು ತೆಗೆದಿಟ್ಟು ಬರಿ ಸ್ಟ್ಯಾಂಡ್ ಎಸೆದರು. ಎರಡನೇ ಸಲ ಚಪ್ಪಲಿ ಸಮೇತ. ಮೂರನೇ ಸಲ ನಮ್ಮ ಮನೆಯ ಬೆಲ್ ಒತ್ತಿ, ನಾನು ಬಾಗಿಲು ತೆಗೆಯುವವರೆಗೆ ಕಾದು, ನನ್ನ ಕಣ್ಣೆದುರಿಗೇ ಅದನ್ನು ಎತ್ತಿಕೊಂಡು ಧಡಧಡ ಇಳಿದು ಹೋಗಿ ಗೇಟಿನಾಚೆ ಬಿಸಾಡಿ ಬಂದರು.

"ಆಂಟಿ, ಇದು ಅತಿಯಾಯ್ತು," ಅಂದೆ.

"ನಾನು ಯಾರಿಗೂ ಆಂಟಿ ಅಲ್ಲ. ಮೆಟ್ಟಿಲ ಮೇಲೆ ಸಾಮಾನು ಇಡಬೇಡಿ ಅಂತ ಕನ್ನಡದಲ್ಲಿ ಹೇಳಿದೆ, ಹಿಂದೀಲಿ ಹೇಳಿದೆ. ಇನ್ಯಾವ ಭಾಷೇಲಿ ಹೇಳ್ಲಿ?"

ಯಮುನೆಯ ಪಕ್ಕದ ಲಕ್ಷ್ಮೀ ನಗರದ ಆ ಕಟ್ಟಡದಲ್ಲಿ ಒಟ್ಟು ಎಂಟು ಮನೆ, ಅದರಲ್ಲಿ ಕನ್ನಡದವು ಎರಡೇ. ಎರಡನೇ ಮಹಡಿಯಲ್ಲಿ ನಾನು, ನನ್ನ ಗಂಡ, ಅತ್ತೆ. ನಮ್ಮ ನೆತ್ತಿಯ ಮೇಲೆ, ಮೂರನೇ ಮಹಡಿಯಲ್ಲಿ ಕಮಲಾಕ್ಷಮ್ಮ. ಹಾಸನದ ಕಡೆಯವರು, ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಸೂಪರ್‌ವೈಸರ್ ಆಗಿ ರಿಟೈರ್ ಆದವರು, ಒಂಟಿ. ಊರ ಕಡೆಯವರು ಮೇಲೆ ಇದ್ದಾರೆಂದು ಬಂದ ಹೊಸದರಲ್ಲಿ ಹಿಗ್ಗಿದ್ದೆ. ಹದಿನೈದು ದಿನದಲ್ಲಿ ಆ ಹಿಗ್ಗು ಇಳಿಯಿತು.

ಅವರಿಗೆ ಲೋಕದಲ್ಲಿ ಇದ್ದದ್ದು ಒಂದೇ ವಿಷಯ: ಏನಾದರೂ ಆದರೆ ಎಲ್ಲಿಂದ ಓಡುವುದು. ಮೆಟ್ಟಿಲ ಬುಡದಲ್ಲಿ ಎಂಟೂ ಮನೆಯ ಕರೆಂಟ್ ಮೀಟರುಗಳು ಒಂದೇ ಹಲಗೆಯ ಮೇಲಿದ್ದವು. ಬೇಸಿಗೆಯಲ್ಲಿ ಎಲ್ಲರ ಕೂಲರೂ ಒಟ್ಟಿಗೆ ಓಡುವಾಗ ಅವರು ದಿನಕ್ಕೆರಡು ಸಲ ಕೆಳಗಿಳಿದು, ಆ ಹಲಗೆಯ ಹತ್ತಿರ ಮೂಗು ಒಡ್ಡಿ ವಾಸನೆ ನೋಡುತ್ತಿದ್ದರು. ಗುಜರಾತಿನಲ್ಲಿ ಭೂಕಂಪವಾಗಿ ನಮ್ಮ ಮನೆಯ ಫ್ಯಾನುಗಳೂ ತೂಗಾಡಿದ ಮರುವಾರ, ಯಾರೂ ಕೇಳದಿದ್ದರೂ ಸಭೆ ಕರೆದರು. ಮನೆಗೊಂದು ಬಕೆಟ್ ಮರಳು, ಟಾರ್ಚು, ಔಷಧ ಮತ್ತು ಕಾಗದಪತ್ರದ ಚೀಲ. ಆಮೇಲೆ ಯಾರನ್ನು ಯಾರು ಹೊರಬೇಕು ಅನ್ನುವ ಪಟ್ಟಿ ಓದಿದರು. ನಮ್ಮ ಮನೆಯ ಸರದಿ ಬಂದಾಗ, "ಸೆಕೆಂಡ್ ಫ್ಲೋರ್, ಏಕ್ ಬುಢಿಯಾ, ಘುಟನೇ ಖರಾಬ್, ಉಠಾನೇ ಕೇ ಲಿಯೇ ದೋ ಆದ್ಮೀ" ಎಂದು ಎಲ್ಲರೆದುರು ಹೇಳಿದರು. ಒಬ್ಬಳು ಮುದುಕಿ, ಮಂಡಿ ಕೆಟ್ಟಿದೆ, ಎತ್ತಲು ಇಬ್ಬರು ಬೇಕು ಅಂತ ತಿಳಿಯುವಷ್ಟು ಹಿಂದಿ ಅತ್ತೆಗೂ ಬರುತ್ತಿತ್ತು. ಅವತ್ತು ಅವರು ಊಟ ಮಾಡಲಿಲ್ಲ. ಕಟ್ಟಡದ ಮಕ್ಕಳು ಆ ದಿನದಿಂದ 'ಖತ್ರಾ ಆಂಟಿ', ಅಪಾಯದ ಆಂಟಿ, ಎಂದು ಕೂಗತೊಡಗಿದರು. ನಾನು ಗದರಲಿಲ್ಲ. ನನಗೂ ಆ ಹೆಸರು ಹಿಡಿಸಿತ್ತು.

ಯಾಕೆ ಹೀಗೆ ಎಂದು ಒಮ್ಮೆ ಕೇಳಿದ್ದೆ, ಹಿಂದೆ ಏನಾದರೂ ದುರಂತ ಕಂಡಿದ್ದಾರೇನೋ ಅಂತ.

"ಕಾಣಬೇಕಾ? ನಿಮ್ಮ ಮನೆಗೆ ಕಳ್ಳ ಬಂದ ಮೇಲೆ ಬಾಗಿಲು ಮಾಡಿಸಿದ್ರಾ?" ಅಂದು ಹೊರಟುಹೋದರು.

ಅದೇ ವರ್ಷದ ಮೇ ತಿಂಗಳಲ್ಲಿ ಯಮುನೆಯ ಈಚೆಗೆಲ್ಲ 'ಕಾಲಾ ಬಂದರ್' ಎಂಬ ಕರಿಕೋತಿಯ ಸುದ್ದಿ ಹಬ್ಬಿತು. ಮೈತುಂಬ ಕೂದಲು, ಕಬ್ಬಿಣದ ಉಗುರು, ತಾರಸಿಯಿಂದ ತಾರಸಿಗೆ ಹಾರುತ್ತದೆ ಎಂದು ಹಾಲಿನ ಭಯ್ಯಾನಿಂದ ಹಿಡಿದು ನನ್ನ ಗಂಡನ ಆಫೀಸಿನವರೆಗೆ ಎಲ್ಲರದೂ ಅದೇ ಮಾತು. ಬಾಲ್ಕನಿಗಳಿಗೆ ಜಾಲರಿ ಬಿತ್ತು, ನಾವೂ ಹಾಕಿಸಿದೆವು. ಸೆಕ್ರೆಟರಿ ಗುಪ್ತಾಜಿ ತಾರಸಿಯ ಕಬ್ಬಿಣದ ಬಾಗಿಲಿಗೆ ಬೀಗ ಜಡಿದು ಕೀಲಿಯನ್ನು ತಮ್ಮ ಜೇಬಿಗೆ ಹಾಕಿಕೊಂಡರು.

ಮರುದಿನ ಕಮಲಾಕ್ಷಮ್ಮ ಗರಗಸದಿಂದ ಆ ಬೀಗ ಕೊಯ್ದರು. ಗುಪ್ತಾಜಿ ಇನ್ನೊಂದು ಹಾಕಿದರು. ಅದನ್ನೂ ಕೊಯ್ದರು. ಆಗ ಠಾಣೆಗೆ ದೂರು ಕೊಡುವುದೆಂದಾಯಿತು. "ಭಾಭೀಜಿ, ನಿಮ್ಮ ಹಿಂದಿ ಅಕ್ಷರ ಮುತ್ತಿನ ಹಾಗಿದೆ," ಎಂದು ಗುಪ್ತಾಜಿ ಹೊಗಳಿದರು. ದೂರು ಬರೆದವಳು ನಾನು. ಮನಸ್ಸಿಟ್ಟು ಬರೆದೆ. 'ಮಾನಸಿಕ ಸ್ಥಿತಿ ಸರಿಯಿಲ್ಲ' ಎಂಬ ವಾಕ್ಯ ಯಾರೂ ಹೇಳಿಕೊಟ್ಟದ್ದಲ್ಲ, ನನ್ನದೇ. ಏಳು ಮನೆಯವರು ಸಹಿ ಹಾಕಿದರು, ಮೊದಲ ಸಹಿ ನನ್ನದು.

ಪೊಲೀಸಿನವನೊಬ್ಬ ಬಂದು ಅಂಗಳದಲ್ಲಿ ಎಲ್ಲರನ್ನೂ ನಿಲ್ಲಿಸಿಕೊಂಡು ಆ ಕಾಗದ ಓದಿದ. ಅವರ ಗರಗಸ ಕಿತ್ತುಕೊಂಡ. "ಮಾತಾಜಿ, ಈ ವಯಸ್ಸಲ್ಲಿ ಮಾಲೆ ಹಿಡಿದು ಜಪ ಮಾಡಿ," ಎಂದ. ಜನ ನಕ್ಕರು. ಕಮಲಾಕ್ಷಮ್ಮ ಆ ಕಾಗದವನ್ನು ಕೇಳಿ ಪಡೆದು, ತಾವೇ ಒಮ್ಮೆ ಪೂರ್ತಿ ಓದಿ, ನನ್ನ ಕಡೆ ತಿರುಗಿದರು.

"ಬೆಂಕಿ ಬಿದ್ರೆ ಬೀಗ ಯಾರು ತೆಗೀತಾರೆ?"

"ಬಿದ್ದಾಗ ನೋಡ್ಕೊಳ್ಳೋಣ. ನೀವು ಸುಮ್ನೆ ಮನೇಲಿರಿ," ಅಂದೆ.

ಜೂನ್ ಕೊನೆಯಲ್ಲಿ, ಒಂದು ಮಧ್ಯಾಹ್ನ ಮೂರರ ಹೊತ್ತಿಗೆ ಕರೆಂಟ್ ಹೋಯಿತು. ಕೆಳಗೆ ಯಾರೋ "ಆಗ್! ಆಗ್!" ಎಂದು ಕಿರುಚಿದರು. ಬಾಗಿಲು ತೆಗೆದರೆ ಮೆಟ್ಟಿಲುಗಳ ನಡುವೆ ಕಪ್ಪು ಹೊಗೆ ಏರಿ ಬರುತ್ತಿತ್ತು, ಸುಟ್ಟ ರಬ್ಬರಿನ ವಾಸನೆ. ಮೀಟರ್ ಹಲಗೆ ಹೊತ್ತಿಕೊಂಡಿತ್ತು. ಕೆಳಗಿನವರು ಹೊರಗೆ ಓಡಿದ್ದರು. ಎದುರುಮನೆಯವರೂ ಮೇಲಿನ ಇನ್ನೊಂದು ಮನೆಯವರೂ ರಜೆಗೆ ಊರಿಗೆ ಹೋಗಿದ್ದರು. ಬಾಲ್ಕನಿಗೆ ಓಡಿದೆ. ಜಾಲರಿ ಹಿಡಿದು ಕೂಗಿದೆ. ಒಳಗೆ ಅತ್ತೆ ಕೆಮ್ಮುತ್ತಿದ್ದರು.

ಮೇಲಿನಿಂದ ಕಮಲಾಕ್ಷಮ್ಮ ಇಳಿದು ಬಂದರು. ಮುಖಕ್ಕೆ ಒದ್ದೆ ಟವೆಲ್, ಕೈಯಲ್ಲಿ ಟಾರ್ಚು. ನಮ್ಮಿಬ್ಬರಿಗೂ ಒಂದೊಂದು ಒದ್ದೆ ಬಟ್ಟೆ ಎಸೆದರು.

"ಏನು ನೋಡ್ತಾ ನಿಂತಿದ್ದೀಯೆ? ಆ ತೋಳು ಹಿಡಿ, ನಾನು ಈ ಕಡೆ. ಅಮ್ಮ, ಮಾತಾಡಬೇಡಿ, ಉಸಿರು ಬಿಗಿಹಿಡೀರಿ."

ಇಬ್ಬರೂ ಸೇರಿ ಅತ್ತೆಯನ್ನು ಎತ್ತಿಕೊಂಡು ಎರಡು ಮಹಡಿ ಹತ್ತಿದೆವು. ಕಾಲಿಗೆ ಏನೂ ತಡೆಯಲಿಲ್ಲ. ಕೊನೆಯಲ್ಲಿ ಆ ಕಬ್ಬಿಣದ ಬಾಗಿಲು, ಅದರ ಮೇಲೆ ಮುಷ್ಟಿಗಾತ್ರದ ಬೀಗ. ಕೀಲಿ ಗುಪ್ತಾಜಿಯ ಜೇಬಿನಲ್ಲಿ, ಗುಪ್ತಾಜಿ ಆಫೀಸಿನಲ್ಲಿ. ಕಮಲಾಕ್ಷಮ್ಮ ತಮ್ಮ ಮನೆಗೆ ನುಗ್ಗಿ ಒರಳಿನ ಗುಂಡು ತಂದರು. ಹೊಗೆಯೊಳಗೆ ನಿಂತು ಚಿಲಕದ ಮೇಲೆ ಅದನ್ನು ಎತ್ತಿ ಎತ್ತಿ ಹಾಕಿದರು. ಎಷ್ಟು ಹೊತ್ತೋ ತಿಳಿಯದು. ಅತ್ತೆಯ ತಲೆ ನನ್ನ ಹೆಗಲ ಮೇಲೆ ಭಾರವಾಗುತ್ತಾ ಬಂದದ್ದು ಮಾತ್ರ ಗೊತ್ತು. ಒಂದು ಏಟು ಕಮಲಾಕ್ಷಮ್ಮನವರ ಬೆರಳುಗಳ ಮೇಲೇ ಬಿತ್ತು. ಕೂಗಲೂ ಇಲ್ಲ, ನಿಲ್ಲಿಸಲೂ ಇಲ್ಲ. ಕಡೆಗೆ ಬೀಗವಲ್ಲ, ಗೋಡೆಯಿಂದ ಕೊಂಡಿ ಕಿತ್ತು ಬಂತು. ಗಿಡ್ಡ ಗೋಡೆ ದಾಟಿ ಪಕ್ಕದ ಕಟ್ಟಡದ ತಾರಸಿಗೆ ಹೋದೆವು. ಅಲ್ಲಿಯ ಬಾಗಿಲು ತೆರೆದಿತ್ತು. ಆ ಮನೆಯವರ ಹತ್ತಿರ ಇವರು ತಿಂಗಳ ಹಿಂದೆಯೇ ಜಗಳ ಆಡಿ ಬೀಗ ತೆಗೆಸಿದ್ದರಂತೆ.

ಅತ್ತೆ ಹನ್ನೆರಡು ದಿನ ಆಸ್ಪತ್ರೆಯಲ್ಲಿದ್ದರು. ಬದುಕಿದರು. ಆದರೆ ಸಂಜೆ ಹೊತ್ತು ದೇವರನಾಮ ಹೇಳುತ್ತಿದ್ದ ಅವರ ಗಂಟಲು ಹೋಯಿತು. ಬಾಗಿಲ ಮುಂದೆ ಕಾದ ಆ ಹೊತ್ತೇ ಅದನ್ನು ತಿಂದದ್ದು ಎಂದು ಡಾಕ್ಟರು ಹೇಳಬೇಕಾಗಿರಲಿಲ್ಲ.

ಕೇಸರಿಬಾತ್ ಮಾಡಿಕೊಂಡು ಮೇಲೆ ಹೋದೆ. ಕಮಲಾಕ್ಷಮ್ಮ ಬಾಗಿಲನ್ನು ಅರ್ಧ ತೆರೆದು ನಿಂತರು. ಕೈಗೆ ದಪ್ಪ ಪಟ್ಟಿ.

"ಇದೆಲ್ಲ ಬೇಡ. ಆ ದೂರು ವಾಪಸ್ ತಗೊಳ್ಳಿ. ನನಗೆ ತಲೆ ಸರಿಯಿಲ್ಲ ಅಂತ ಠಾಣೇಲಿ ಬಿದ್ದಿದೆ."

ಮನೆಮನೆಗೆ ಹೋಗಿ ಕೇಳಿದೆ. ಒಬ್ಬರೂ ಒಪ್ಪಲಿಲ್ಲ. "ಅವಳದು ಕಾಲೀ ಜಬಾನ್, ಕರಿನಾಲಿಗೆ," ಅಂದರು ಗುಪ್ತಾಜಿಯ ಹೆಂಡತಿ, "ಬೆಂಕಿ ಬೆಂಕಿ ಅಂತ ಕರೆದೂ ಕರೆದೂ ತರಿಸಿದಳು." ಆ ಮಾತು ಕಟ್ಟಡವೆಲ್ಲ ಹರಡಿತು. ತಾರಸಿಗೆ ಹೊಸ ಬಾಗಿಲು ಬಂತು, ಅದಕ್ಕೂ ಬೀಗ ಬಿತ್ತು. ನಾನೊಬ್ಬಳೇ ಠಾಣೆಗೆ ಹೋಗಿ ನನ್ನ ಹೆಸರು ತೆಗೆಯಿರಿ ಎಂದು ಬರೆದುಕೊಟ್ಟೆ. ಬಂದು ಹೇಳಿದಾಗ ಕಮಲಾಕ್ಷಮ್ಮ, "ಒಂದು ಹೋಯ್ತು. ಇನ್ನೂ ಆರು," ಎಂದು ಬಾಗಿಲು ಹಾಕಿಕೊಂಡರು.

ಮುಂದಿನ ಚಳಿಗಾಲದಲ್ಲಿ ಮನೆ ಖಾಲಿ ಮಾಡಿದರು. ಕೆಳಗೆ ಟೆಂಪೋ ನಿಂತಿತ್ತು. ನಾನು ಶಾಲು ಹೊದ್ದು ಇಳಿದು ಹೋದೆ. ಅವರು ಡ್ರೈವರ್ ಪಕ್ಕ ಕುಳಿತಾಗಿತ್ತು. ಬಲಗೈಯ ಎರಡು ಬೆರಳು ಮಡಚಲು ಬರದೆ ನೆಟ್ಟಗೆ ನಿಂತಿದ್ದವು.

"ಎಲ್ಲಿಗೆ ಹೋಗ್ತಿದ್ದೀರಿ? ವಿಳಾಸ ಕೊಡಿ," ಅಂದೆ.

"ಯಾಕೆ?"

"ಕಾಗದ ಬರೀತೀನಿ."

ಅವರು ಟೆಂಪೋದ ಬಾಗಿಲು ಎಳೆದುಕೊಂಡರು.

"ನಿಮ್ಮದೊಂದು ಕಾಗದ ಓದಿದ್ದೀನಿ. ಸಾಕು. ಚಲೋ ಭಯ್ಯಾ."