ಟೊಪ್ಪಿಗೆ ಬದಲಿಸಿ ಬಂದವನು

ಕುದುರೆ, ಬಂದೂಕು, ಧೂಳು. ಕಥೆಯೆಂಬುದು ಹೆಸರಿಗಷ್ಟೆ. ಇರುವ ಒಂದೇ ಬಂಡೆಯ ಮುಂದೆ ಅವೇ ಆರು ಕುದುರೆಗಳು ಹತ್ತು ಸಲ ಓಡುತ್ತವೆ. ಗುಂಡು ಹಾರಿದರೆ ಹಿಂದೆ ಬಣ್ಣ ಬಳಿದ ಗುಡ್ಡವೂ ಅಲ್ಲಾಡುತ್ತದೆ. ಆ ಹಳೆಯ ಇಂಗ್ಲಿಷ್ ಸಿನಿಮಾ ಈಗ ಮೊಬೈಲಿನಲ್ಲೇ ಸಿಗುತ್ತದೆ. ನನ್ನ ಮಕ್ಕಳು ಎರಡು ನಿಮಿಷ ನೋಡಿ, ನಕ್ಕು ಎದ್ದುಹೋಗುತ್ತಾರೆ. ನಗಲಿ, ನನಗೇನು! ನಾನು ನೋಡುವುದು ಗುಂಡೇಟು ತಿಂದು ಬೀಳುವ ಒಬ್ಬ ಗಡ್ಡದವನನ್ನು. ಅವನು ಬಿದ್ದಾಗ ಇಂದಿಗೂ ನನ್ನ ಮೈ ಜುಮ್ಮೆನ್ನುತ್ತದೆ.

ಅಪ್ಪ ತೀರಿಕೊಂಡು ಎರಡು ತಿಂಗಳಾಗಿತ್ತು. ನಾನಾಗ ಮೂರನೇ ಇಯತ್ತೆ. ಹುಡುಗಿ ಮಂಕಾಗಿ ಕೂತಿರುತ್ತಾಳೆಂದು ಸೋದರಮಾವ ನನ್ನನ್ನು ನಮ್ಮೂರು ಇಂಡಿಯಿಂದ ಸಿಂದಗಿಗೆ ಕರೆದೊಯ್ದು ಮ್ಯಾಟಿನಿ ತೋರಿಸಿದ. ಮೊದಲ ಕಾಳಗದಲ್ಲೇ ಸತ್ತ ಗಡ್ಡದವನು ಅರ್ಧ ತಾಸಿನ ಮೇಲೆ ಬೇರೆ ಟೊಪ್ಪಿಗೆ ಹಾಕಿಕೊಂಡು ಕುದುರೆ ಏರಿ ಬಂದ.

“ಮಾಮಾ, ಅಂವಾ ಸತ್ತಿದ್ನಲ್ಲ?”

“ಸತ್ರೇನಾತು? ರೊಕ್ಕಿಲ್ಲದವರು ತಗದ ಸಿನಿಮಾ ಐತಿ. ಟೊಪ್ಪಿಗಿ ಬದಲ ಮಾಡಿ ಅವನ್ನ ಮತ್ತ ಕಳಿಸ್ಯಾರ.”

ಮಾವ ನಕ್ಕ. ನನಗೆ ನಗು ಬರಲಿಲ್ಲ. ನಾವೂ ರೊಕ್ಕಿಲ್ಲದವರೇ ಆಗಿದ್ದೆವು.

ಅಂದಿನಿಂದ ಬೀದಿಯಲ್ಲಿ ಹೋಗುವ ಗಂಡಸರ ಮುಖವನ್ನೆಲ್ಲ ದಿಟ್ಟಿಸತೊಡಗಿದೆ. ಅವ್ವ ಬೈದರೂ ಬಿಡಲಿಲ್ಲ. ಚಳಿಗಾಲದ ಒಂದು ಮುಂಜಾನೆ ಇಂಡಿಯ ಲಿಂಬೆ ಬಜಾರಿನಲ್ಲಿ ಅಪ್ಪನ ಕಂದು ಕೋಟು ಕಂಡಿತು. ಮೊಣಕೈಗೆ ಅವ್ವ ಹಾಕಿದ್ದ ತೇಪೆ ಹಾಗೇ ಇತ್ತು. ತೀರಿದವರ ಬಟ್ಟೆ ಮನೆಯಲ್ಲಿ ಇಡಬಾರದೆಂದು ಅಜ್ಜಿ ಅದನ್ನು ಚೀಲ ಹೊರುವ ಹಮಾಲನೊಬ್ಬನಿಗೆ ಕೊಟ್ಟಿದ್ದಳಂತೆ. ನನಗದು ತಿಳಿದದ್ದು ಆಮೇಲೆ. ಓಡಿಹೋಗಿ ತೋಳು ಹಿಡಿದೆ. ಅವನು ತಿರುಗಿದ. ಮುಖ ಬೇರೆಯಿತ್ತು. ಟೊಪ್ಪಿಗೆ ಬದಲಿಸುವವರು ಮುಖ ಬದಲಿಸಲಾರರೇ ಅಂದುಕೊಂಡು ಹಿಡಿತ ಬಿಡಲಿಲ್ಲ.

“ಯಾರ ಮಗಳವ್ವಾ ನೀ?”

“ನಿನ್ನ ಮಗಳ. ಅಪ್ಪಾ, ಮನಿಗಿ ನಡಿ.”

ಸುತ್ತಲಿನವರು ನಕ್ಕರು. ಅವನು ನಗಲಿಲ್ಲ. ಹೊತ್ತಿದ್ದ ಚೀಲ ಇಳಿಸಿ, ತೇಪೆಯ ಮೇಲೊಮ್ಮೆ ಕೈಯಾಡಿಸಿದ.

“ನೀ ಮುಂದ ನಡಿಯವ್ವಾ. ಬರ್ತೇನಿ.”

ಮನೆಗೆ ಹೋಗಿ, ಅಪ್ಪ ಬರ್ತಾನ, ಇನ್ನೊಂದು ತಾಟು ಇಡು ಅಂದೆ. ಅವ್ವ ನಿಜಕ್ಕೂ ಇಟ್ಟಳು. ಅವಳೂ ಬಾಗಿಲ ಕಡೆ ನೋಡುತ್ತಿದ್ದಳು.

ಸಂಜೆ ಹೊರಗೆ ಬಂದರೆ ಕಟ್ಟೆಯ ಮೇಲೆ ಕೋಟು ಮಡಚಿಟ್ಟಿತ್ತು. ಆ ಚಳಿಯಲ್ಲಿ ಅವನು ಬರೀ ಅಂಗಿಯಲ್ಲಿ ಹೋಗಿದ್ದ. ಅವ್ವ ಕೋಟನ್ನು ಒಳಗೂ ತರಲಾರಳು, ಮತ್ತೊಬ್ಬರಿಗೂ ಕೊಡಲಾರಳು. ಹೊಸ್ತಿಲ ಮೇಲೆ ಕೂತುಬಿಟ್ಟಳು. ನಾನು ಕೋಟನ್ನು ಬಿಡಿಸಿ, ಎರಡೂ ತೋಳುಗಳೊಳಗೆ ಕೈ ಹಾಕಿ ನೋಡಿದೆ. ಅಪ್ಪ ಸತ್ತದ್ದು ನನಗೆ ತಿಳಿದದ್ದು ಆಗ.